ವಿಶ್ವೇಶ್ವರಯ್ಯನವರ ಸಹಿಗೆ ಬೆಲೆ ಬಂದದ್ದು ಹೇಗೆ?

ಪ್ರತಿ ವರ್ಷ ಸೆಪ್ಟೆಂಬರ್ 15 ಬಂದರೆ ಬಾಗಲಕೋಟೆಯ ಕಾಲೇಜುಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ, ಇಳಕಲ್‌ನ ಸಿಮೆಂಟ್ ಅಂಗಡಿಗಳಲ್ಲೂ ಒಂದೇ ಫೋಟೊಗೆ ಹಾರ ಬೀಳುತ್ತದೆ. ಮೈಸೂರು ಪೇಟ, ಬಿಗಿಯಾದ ಕೋಟು, ನೇರ ನೋಟ. ಸರ್ ಎಂ.ವಿ. ಭಾಷಣಗಳೂ ಹೆಚ್ಚುಕಡಿಮೆ ಅವೇ: ಬೀದಿ ದೀಪದ ಓದು, ಎರಡು ಮೇಣದಬತ್ತಿಯ ಕತೆ, ಕನ್ನಂಬಾಡಿ. ಆಮೇಲೆ ಚಹಾ, ಖಾರಾ.

ನಾನೂ ಸಿವಿಲ್ ಎಂಜಿನಿಯರಿಂಗ್ ಓದಿದವನೇ. ಆ ಫೋಟೊದ ಕೆಳಗೆ ನಾಲ್ಕು ವರ್ಷ ಕೂತಿದ್ದೇನೆ. ಡಿಗ್ರಿ ಮುಗಿಸಿದ ಕೆಲವೇ ತಿಂಗಳಲ್ಲಿ, ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪರಿಚಯದವರೊಬ್ಬರು ಎರಡಂತಸ್ತಿನ ಮನೆ ಕಟ್ಟಿಸುತ್ತಿದ್ದರು. ಬ್ಯಾಂಕ್ ಸಾಲಕ್ಕೆ ಎಂಜಿನಿಯರ್ ಸಹಿ ಇರುವ ನಕ್ಷೆ, ಎಸ್ಟಿಮೇಟ್ ಬೇಕಿತ್ತು. ಬೇರೆ ಯಾರೋ ಬರೆದಿದ್ದ ನಕ್ಷೆಗೆ ನಾನು ಸಹಿ ಹಾಕಿಕೊಟ್ಟೆ. ಜಾಗ ನೋಡಲಿಲ್ಲ, ಮಣ್ಣು ನೋಡಲಿಲ್ಲ. ಅದು ಎರೆಭೂಮಿ. ಮಳೆಗೆ ಉಬ್ಬುವ, ಬೇಸಿಗೆಗೆ ಬಿರಿಯುವ ಮಣ್ಣು. ಪಾಯ ಎಷ್ಟು ಆಳ ಹೋಗಬೇಕಿತ್ತೋ ಅಷ್ಟು ಹೋಗಿರಲಿಲ್ಲ. ಎರಡನೇ ಮಳೆಗಾಲಕ್ಕೆ ಅಡುಗೆಮನೆಯ ಗೋಡೆ ಮೂಲೆಯಿಂದ ಮೂಲೆಗೆ ಸೀಳಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ಯಾರೂ ನನ್ನನ್ನು ಕರೆದು ಕೇಳಲೂ ಇಲ್ಲ. ಕೇಳುವ ಅಧಿಕಾರ ಇರುವ ಒಂದು ಸಂಸ್ಥೆಯೂ ಇರಲಿಲ್ಲ.

ಕೆಲಸ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದ ಮೇಲೂ ಆ ಗೋಡೆ ನನ್ನನ್ನು ಬಿಟ್ಟಿಲ್ಲ. ಹಾಗಾಗಿಯೇ ವಿಶ್ವೇಶ್ವರಯ್ಯನವರ ಬದುಕನ್ನು ಈ ಒಂದು ಕೋನದಿಂದ ನೋಡುವ ಆಸೆ. ಅವರ ಸಹಿಗೆ ಅಷ್ಟು ಬೆಲೆ ಎಲ್ಲಿಂದ ಬಂತು?

ಹೆಸರಲ್ಲೇ ಲೈಸೆನ್ಸ್ ಇದ್ದ ಪದವಿ

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ವರ್ಷ ದಾಖಲೆಗಳಲ್ಲಿ 1861. 1860 ಎನ್ನುವವರೂ ಇದ್ದಾರೆ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ಸೈನ್ಸ್ ಕಾಲೇಜಿಗೆ ಕಳಿಸಿತು.

1883ರಲ್ಲಿ ಅವರು ಪಾಸು ಮಾಡಿದ್ದು ಇವತ್ತಿನ ಬಿ.ಇ. ಅಲ್ಲ, ಎಲ್.ಸಿ.ಇ. ಅಂದರೆ ಲೈಸೆನ್ಷಿಯೇಟ್ ಇನ್ ಸಿವಿಲ್ ಎಂಜಿನಿಯರಿಂಗ್. ಲೈಸೆನ್ಸ್ ಎಂಬ ಪದ ಪದವಿಯ ಹೊಟ್ಟೆಯಲ್ಲೇ ಕೂತಿತ್ತು. ಮುಂಬೈ ವಿಶ್ವವಿದ್ಯಾಲಯದ ಆ ಪರೀಕ್ಷೆಯಲ್ಲಿ ಮೊದಲ ಸ್ಥಾನ, ಜೊತೆಗೆ ಜೇಮ್ಸ್ ಬರ್ಕ್ಲಿ ಬಹುಮಾನ. ಮೊದಲ ಸ್ಥಾನ ಬಂದವರಿಗೆ ಮುಂಬೈ ಸರ್ಕಾರದಲ್ಲಿ ನೇಮಕ ಖಾತ್ರಿ ಇತ್ತು. 1884ರಲ್ಲಿ ಲೋಕೋಪಯೋಗಿ ಇಲಾಖೆಯ ಅಸಿಸ್ಟೆಂಟ್ ಎಂಜಿನಿಯರ್ ಆಗಿ ಸೇರಿದರು.

ಆಗ ನಮ್ಮ ಸೀಮೆಯೂ ಅದೇ ಮುಂಬೈ ಪ್ರಾಂತ್ಯದಲ್ಲಿತ್ತು. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ಸೇರಿದ್ದ ಜಿಲ್ಲೆಗೆ ಕಲಾದಗಿಯೇ ಹೆಸರು, ಕಲಾದಗಿಯೇ ಕೇಂದ್ರ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲೇ ಕೇಂದ್ರ ವಿಜಾಪುರಕ್ಕೆ ಹೋಯಿತು. 1876-78ರ ಬರ ಈ ಜಿಲ್ಲೆಯ ಊರೂರನ್ನೇ ಬರಿದು ಮಾಡಿ ಹೋಗಿ ಇನ್ನೂ ಹತ್ತು ವರ್ಷವಾಗಿರಲಿಲ್ಲ. ನೀರು ನಿಲ್ಲಿಸಬಲ್ಲ, ನೀರು ಹರಿಸಬಲ್ಲ ಮನುಷ್ಯನ ಸಹಿ ಎಂದರೆ ಇಲ್ಲಿ ಬದುಕು ಸಾವಿನ ಮಾತು. ಮುಂದೆ ಧಾರವಾಡ, ವಿಜಾಪುರದ ಕುಡಿಯುವ ನೀರಿನ ಯೋಜನೆಗಳಲ್ಲಿ ಅವರ ಕೈ ಇತ್ತು.

ಸಹಿಯ ಮೇಲೊಂದು ಸಹಿ

ಪದವಿ ಸಿಕ್ಕಿತು, ಕೆಲಸ ಸಿಕ್ಕಿತು. ಅಲ್ಲಿಗೆ ಮುಗಿಯಿತೇ? ಇಲ್ಲ. ನಮ್ಮ ಭಾಷಣಗಳು ಹಾರಿಸಿಬಿಡುವ ಭಾಗ ಇದೇ.

ಇಲಾಖೆ ಸೇರಿದ ಮೇಲೂ ಅವರು ವೃತ್ತಿಪರೀಕ್ಷೆ ಬರೆಯಬೇಕಿತ್ತು. ಮರಾಠಿ ಪರೀಕ್ಷೆಯನ್ನೂ ಪಾಸಾಗಬೇಕಿತ್ತು, ಏಕೆಂದರೆ ಜನರ ಮಾತು ತಿಳಿಯದವನು ಕಾಲುವೆಯ ಜಗಳ ಬಿಡಿಸಲಾರ. ಖಾನದೇಶದಲ್ಲಿ ಮೊದಮೊದಲ ಕೆಲಸಗಳಲ್ಲೊಂದು ಪಾಂಜ್ರಾ ನದಿಗೆ ಅಡ್ಡಲಾಗಿ ಕೊಳವೆ ಸೈಫನ್ ಕಟ್ಟುವುದು. ಮಳೆ, ನೆರೆ. ಕೆಲಸವನ್ನು ಸ್ವಲ್ಪ ಮುಂದೂಡಬೇಕೆಂದು ಮೇಲಧಿಕಾರಿಗೆ ಬರೆದರು. ಆ ಬರಹ ಮೇಲಧಿಕಾರಿಗೆ ಹಿಡಿಸಲಿಲ್ಲ. ಹೊಸ ಹುಡುಗ ಜಾರಿಕೊಳ್ಳುತ್ತಿದ್ದಾನೆ ಎನ್ನಿಸಿತು. ಕೊನೆಗೆ ಅದೇ ಕೆಲಸವನ್ನು ಮುಗಿಸಿ ಅದೇ ಅಧಿಕಾರಿಯ ಮೆಚ್ಚುಗೆ ಪಡೆದರು.

ಇದನ್ನು ಛಲದ ಕತೆ ಅಂತ ಹೇಳುವುದು ರೂಢಿ. ನನಗೆ ಬೇರೆಯದೇ ಕಾಣುತ್ತದೆ. ಇಪ್ಪತ್ತಮೂರರ ಯುವಕನೊಬ್ಬನ ತೀರ್ಮಾನವನ್ನು ಮೇಲೆ ಕೂತು ನೋಡುವವನೊಬ್ಬನಿದ್ದ. ಎಸ್ಟಿಮೇಟ್ ಎಕ್ಸಿಕ್ಯೂಟಿವ್ ಎಂಜಿನಿಯರಿಗೆ, ಅಲ್ಲಿಂದ ಸೂಪರಿಂಟೆಂಡಿಂಗ್ ಎಂಜಿನಿಯರಿಗೆ, ದೊಡ್ಡದಾದರೆ ಚೀಫ್ ಎಂಜಿನಿಯರಿಗೆ ಹೋಗುತ್ತಿತ್ತು. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಬಿಡಿಸಿ ನೋಡಿ, ತಾಂತ್ರಿಕ ಮಂಜೂರಾತಿ ಕೊಟ್ಟ ಮೇಲೆಯೇ ಗುದ್ದಲಿ ಬೀಳಬೇಕು. ಅಳತೆ ಎಂ.ಬಿ.ಯಲ್ಲಿ ದಾಖಲಾಗಬೇಕು. ತಪ್ಪಿದರೆ ಬಡ್ತಿ ತಪ್ಪುತ್ತದೆ, ಕೆಲಸವೇ ಹೋಗಬಹುದು. ಇಲಾಖೆ ಎಂಬುದೇ ಅವರ ಲೈಸೆನ್ಸು, ಇಲಾಖೆಯೇ ಅದನ್ನು ಕಸಿದುಕೊಳ್ಳಬಲ್ಲ ಕೈ.

ಆ ಕಾವಲಿನೊಳಗೆ ಅವರು ಬೆಳೆದರು. ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯ ಕೆಸರು ನೀರನ್ನು ತಿಳಿಮಾಡಿ ಕೊಡಬೇಕಿತ್ತು. ನದಿಯ ಪಾತ್ರದಲ್ಲೇ ಬಾವಿ ತೋಡಿ, ಮರಳೇ ನೀರನ್ನು ಸೋಸುವಂತೆ ಮಾಡಿದರು. ಪುಣೆಗೆ ಬಂದ ಮೇಲೆ ಕಾಲುವೆ ನೀರನ್ನು ಸರದಿಯಂತೆ, ಬೆಳೆ ನೋಡಿ ಹಂಚುವ ಬ್ಲಾಕ್ ಪದ್ಧತಿ ತಂದರು. 1903ರ ಹೊತ್ತಿಗೆ ಖಡಕ್‌ವಾಸ್ಲಾದಲ್ಲಿ ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. ನೀರು ಒಂದು ಮಟ್ಟ ಮುಟ್ಟಿದರೆ ತಾನೇ ತೆರೆಯುವ, ಇಳಿದರೆ ತಾನೇ ಮುಚ್ಚುವ ಗೇಟು. ಕಟ್ಟೆಯನ್ನು ಎತ್ತರಿಸದೆಯೇ ಜಲಾಶಯದಲ್ಲಿ ಹೆಚ್ಚು ನೀರು ನಿಂತಿತು. ಅದಕ್ಕೆ ಪೇಟೆಂಟ್ ಪಡೆದರು, ಆದರೆ ಸರ್ಕಾರದಿಂದ ರಾಯಲ್ಟಿ ತೆಗೆದುಕೊಳ್ಳಲಿಲ್ಲ. ಸರ್ಕಾರದ ಸಂಬಳ ತಿನ್ನುತ್ತಾ ಮಾಡಿದ ಕೆಲಸಕ್ಕೆ ಇನ್ನೊಂದು ಹಣವೇ ಎಂಬುದು ಅವರ ನಿಲುವು. ಹಿತಾಸಕ್ತಿ ಸಂಘರ್ಷ ಎಂದು ಇವತ್ತು ಯಾವುದಕ್ಕೆ ದೊಡ್ಡ ಹೆಸರು ಕೊಡುತ್ತೇವೋ ಅದನ್ನು ನಿಯಮ ಹೇಳುವ ಮೊದಲೇ ಪಾಲಿಸಿದವರು ಅವರು.

ಆದರೆ ಆ ವ್ಯವಸ್ಥೆಗೆ ಒಂದು ಕೊಳಕೂ ಇತ್ತು. ಮೇಲಿನ ಕುರ್ಚಿಗೆ ಬಣ್ಣ ನೋಡುತ್ತಿದ್ದರು. ಎಷ್ಟೇ ಸಮರ್ಥನಾದರೂ ಭಾರತೀಯನೊಬ್ಬ ಮುಂಬೈ ಪ್ರಾಂತ್ಯದ ಚೀಫ್ ಎಂಜಿನಿಯರ್ ಆಗುವ ದಾರಿ ಕಾಣುತ್ತಿರಲಿಲ್ಲ. 1908ರಲ್ಲಿ, ಪೂರ್ಣ ಸೇವಾವಧಿ ಮುಗಿಯುವ ಮೊದಲೇ, ಅವರು ಹೊರಬಂದರು.

1907: ಇತ್ತ ಇಲಾಖೆ, ಅತ್ತ ಕಾನೂನು

ಅವರು ಹೊರಬರುವ ಹಿಂದಿನ ವರ್ಷ ದೂರದ ಎರಡು ದೇಶಗಳಲ್ಲಿ ಎರಡು ಸಂಗತಿ ನಡೆದವು. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ನೀರಿನ ಹಕ್ಕು ಕೇಳಿ ಬರುತ್ತಿದ್ದ ನಕ್ಷೆಗಳಿಗೆ ವಕೀಲರು, ನೋಟರಿಗಳು, ಸಿಕ್ಕಸಿಕ್ಕವರು ಎಂಜಿನಿಯರ್ ಎಂದು ಸಹಿ ಹಾಕುತ್ತಿದ್ದರು. ಬೇಸತ್ತ ರಾಜ್ಯ 1907ರಲ್ಲಿ ಎಂಜಿನಿಯರ್ ಲೈಸೆನ್ಸ್ ಕಾನೂನು ಮಾಡಿತು. ಆ ದೇಶದಲ್ಲಿ ಅದೇ ಮೊದಲನೆಯದು. ಅದೇ ವರ್ಷ ಆಗಸ್ಟ್ 29ರಂದು ಕೆನಡಾದಲ್ಲಿ ಕಟ್ಟುತ್ತಿದ್ದ ಕ್ವಿಬೆಕ್ ಸೇತುವೆ ಕುಸಿದು 75 ಕಾರ್ಮಿಕರು ಸತ್ತರು. ಲೆಕ್ಕ ತಪ್ಪಿತ್ತು, ಮರುಪರಿಶೀಲನೆ ಆಗಿರಲಿಲ್ಲ.

ಗಮನಿಸಿ, ವಯೋಮಿಂಗ್‌ನಲ್ಲಿ ಕಾನೂನು ಹುಟ್ಟಿದ್ದು ನೀರಾವರಿ ನಕ್ಷೆಯ ಸಲುವಾಗಿ. ಸರ್ಕಾರಿ ಇಲಾಖೆಯ ಹೊರಗೆ, ಖಾಸಗಿಯಾಗಿ ಕೆಲಸ ಮಾಡುವವರು ಹೆಚ್ಚಿದ ಕಡೆ ಸಹಿಗೆ ಕಾವಲು ಬೇಕಾಯಿತು. ನಮ್ಮಲ್ಲಿ ಆಗ ಆ ಪ್ರಶ್ನೆ ಏಳಲಿಲ್ಲ. ಇಲ್ಲಿ ದೊಡ್ಡದನ್ನೆಲ್ಲ ಕಟ್ಟುತ್ತಿದ್ದುದು ಸರ್ಕಾರ, ರಾಜರು, ರೈಲ್ವೆ ಕಂಪನಿ. ಕಾವಲು ಒಳಗೇ ಇತ್ತು.

ಇಲಾಖೆಯ ಹೊರಗೂ ಅದೇ ಶಿಸ್ತು

ಈಗ ವಿಶ್ವೇಶ್ವರಯ್ಯ ಸ್ವತಂತ್ರರು. ಸಹಿ ಮಾಡಿದರೆ ಕೇಳುವ ಮೇಲಧಿಕಾರಿ ಇಲ್ಲ. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿ ಸಾವಿರಾರು ಜನರನ್ನು ಕೊಂಡೊಯ್ದಿತ್ತು. ನಿಜಾಮರ ಸರ್ಕಾರ ಅವರನ್ನು ಕರೆಸಿತು. ಅವರು ಮೊದಲು ಮಳೆಯ ಲೆಕ್ಕ ಹಿಡಿದರು, ನದಿಯ ಜಲಾನಯನ ಪ್ರದೇಶ ಅಳೆದರು, ಒಡೆದು ಹೋದ ಕೆರೆಗಳನ್ನು ಎಣಿಸಿದರು. ಊರ ಮೇಲ್ಭಾಗದಲ್ಲಿ ನೆರೆ ತಡೆಯುವ ಜಲಾಶಯಗಳು ಬೇಕೆಂದು ವರದಿ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ದಾರಿಯಲ್ಲೇ ಬಂದವು.

1909ರ ನವೆಂಬರ್‌ನಲ್ಲಿ ಮೈಸೂರಿನ ಚೀಫ್ ಎಂಜಿನಿಯರ್. 1911ರಲ್ಲಿ ಕನ್ನಂಬಾಡಿ ಕೆಲಸ ಶುರು. ಕೆಳಗಿನ ಮದ್ರಾಸ್ ಸರ್ಕಾರ ತಕರಾರು ತೆಗೆಯಿತು. ಮೊದಲ ಹಂತಕ್ಕೆ 80 ಅಡಿ ಎತ್ತರಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು. ಆದರೆ ಪಾಯವನ್ನು ಅವರು ಪೂರ್ತಿ ಎತ್ತರಕ್ಕೆ ಬೇಕಾದಷ್ಟು ಅಗಲ ಹಾಕಿಸಿದರು. ವ್ಯಾಜ್ಯ ಪಂಚಾಯಿತಿಗೆ ಹೋಗಿ 1914ರಲ್ಲಿ ತೀರ್ಪು ಬಂತು, 1924ರಲ್ಲಿ ಒಪ್ಪಂದವಾಯಿತು, ಕಟ್ಟೆ 124 ಅಡಿಗೆ ಏರಿತು. ಒಪ್ಪಿಗೆ ಸಿಕ್ಕದ ಎತ್ತರಕ್ಕೆ ಪಾಯ ಹಾಕಿಸಿದ್ದು ಸರಿಯೇ ಎಂಬ ಚರ್ಚೆ ಇವತ್ತೂ ಮಾಡಬಹುದು. ಆದರೆ ಮುಂದೆ ಭಾರ ಬರುವುದು ಖಚಿತವಿದ್ದರೆ ಪಾಯವನ್ನು ಇವತ್ತಿನ ಅನುಕೂಲಕ್ಕೆ ಕಿರಿದು ಮಾಡಬಾರದು ಎಂಬುದು ಎಂಜಿನಿಯರಿಂಗ್‌ನ ಮೊದಲ ಪಾಠ. ಆ ಹಳ್ಳಿಯ ಮನೆಯಲ್ಲಿ ನಾನು ಮರೆತ ಪಾಠವೂ ಅದೇ.

1912ರಲ್ಲಿ ದಿವಾನರಾದರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು. ತಾವು ಪುಣೆಯವರೆಗೆ ಹೋಗಿ ತಂದ ಪದವಿ ಇಲ್ಲಿನ ಹುಡುಗರಿಗೆ ಇಲ್ಲೇ ಸಿಗಲಿ ಎಂದು.

ಅರ್ಹತೆಯ ಬಾಗಿಲಲ್ಲಿ ನಿಂತವರು

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ಅದು ಬರೀ ಹಾರ ಹಾಕಿದಂತೆ. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ಬಗ್ಗೆ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯ ಅದನ್ನು ಒಪ್ಪಲಿಲ್ಲ. ನೌಕರಿಗೆ ಪರೀಕ್ಷೆಯ ಅರ್ಹತೆಯೊಂದೇ ಅಳತೆಯಾಗಬೇಕೆಂಬುದು ಅವರ ನಂಬಿಕೆ. ಅದೇ ವರ್ಷ ದಿವಾನಗಿರಿ ಬಿಟ್ಟರು.

ಬಣ್ಣದ ಕಾರಣಕ್ಕೆ ತಮಗೆ ಮುಚ್ಚಿದ ಬಾಗಿಲನ್ನು ಕಂಡು ಹೊರಬಂದ ಮನುಷ್ಯನಿಗೆ, ಜಾತಿಯ ಕಾರಣಕ್ಕೆ ಪರೀಕ್ಷಾ ಕೊಠಡಿಯ ತನಕವೂ ಬರಲಾಗದವರ ಬಾಗಿಲು ಅಷ್ಟು ನಿಚ್ಚಳವಾಗಿ ಕಾಣಲಿಲ್ಲ. ಇದು ಅವರ ಬದುಕಿನ ದೊಡ್ಡ ಮಿತಿ. ಮಿಲ್ಲರ್ ಸಮಿತಿ ತೆರೆದ ದಾರಿಯಲ್ಲಿ ಬಂದವರ ಮೊಮ್ಮಕ್ಕಳೇ ಇವತ್ತು ಈ ರಾಜ್ಯದ ಕಟ್ಟೆ, ಸೇತುವೆ ಕಟ್ಟುತ್ತಿದ್ದಾರೆ. ಲೈಸೆನ್ಸ್ ಬೇಕು ಎಂದು ವಾದಿಸುವ ನನ್ನಂಥವರು ಇದನ್ನು ನೆನಪಿಡಬೇಕು. ಲೈಸೆನ್ಸ್ ತಪ್ಪು ಮಾಡಿದವನನ್ನು ತಡೆಯುವ ಬೇಲಿಯಾಗಬೇಕು, ಕಲಿತವನನ್ನು ಹೊರಗಿಡುವ ಗೋಡೆಯಾಗಬಾರದು.

ದಿವಾನಗಿರಿ ಬಿಟ್ಟ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ನಷ್ಟದ ಸುಳಿಯಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. ಒಡಿಶಾದ ನೆರೆ ಬಗ್ಗೆ ವರದಿ ಕೊಟ್ಟರು. ತೊಂಬತ್ತು ದಾಟಿದ ಮೇಲೆ ಗಂಗಾ ನದಿಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ನೋಡಲು ಬಿಹಾರಕ್ಕೆ ಹೋದರು. ಆ ವಯಸ್ಸಿನಲ್ಲೂ ಜಾಗ ನೋಡದೆ ಅಭಿಪ್ರಾಯ ಕೊಡುವವರಲ್ಲ. 1955ರಲ್ಲಿ ಭಾರತರತ್ನ. 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಅವರು ಹೋದ ಮೇಲೆ ನಮ್ಮ ಊರು

ಮರುವರ್ಷ, 1963ರಲ್ಲಿ, ಬಾಗಲಕೋಟೆಯಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಅದರ ಮರುವರ್ಷ, 1964ರ ಮೇ 22ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. ಕೃಷ್ಣೆಯ ಹಿನ್ನೀರು ಹಳೇ ಬಾಗಲಕೋಟೆಯ ಓಣಿಗಳಿಗೆ ನುಗ್ಗುವ ಕಾಲ ಬಂದಾಗ ನವನಗರ ಎದ್ದಿತು. ಸಾವಿರಾರು ಸಂಸಾರಗಳು ಪರಿಹಾರದ ದುಡ್ಡಿನಲ್ಲಿ ಹೊಸ ಮನೆ ಕಟ್ಟಿಕೊಂಡವು. ಕಟ್ಟೆ ಕಟ್ಟಿದ್ದು ಇಲಾಖೆ, ಅಲ್ಲಿ ಸಹಿಯ ಮೇಲೆ ಸಹಿ ಇತ್ತು. ಮನೆ ಕಟ್ಟಿಸಿದ್ದು ಜನ. ಅಲ್ಲಿ ಎಷ್ಟು ಸಹಿ ಇತ್ತು?

ಇಡೀ ದೇಶದ ಕತೆ ಇದೇ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಎಂಜಿನಿಯರ್ ಎಂದರೆ ಬಹುಪಾಲು ಸರ್ಕಾರಿ ಎಂಜಿನಿಯರ್. ಈಗ ಬಹುಪಾಲು ಕಟ್ಟಡ ಖಾಸಗಿ. ಕಾವಲು ಮಾತ್ರ ಇಲಾಖೆಯ ಕಾಂಪೌಂಡಿನೊಳಗೇ ಉಳಿದುಬಿಟ್ಟಿತು. ಲೆಕ್ಕ ಪರಿಶೋಧಕರಿಗೆ 1949ರ ಕಾಯ್ದೆ ಇದೆ, ವಕೀಲರಿಗೆ 1961ರದು, ವಾಸ್ತುಶಿಲ್ಪಿಗಳಿಗೆ 1972ರದು. ಡಾಕ್ಟರರಿಗಂತೂ ಇದ್ದೇ ಇದೆ. ಇವರು ತಪ್ಪು ಮಾಡಿದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುವ ಮಂಡಳಿಗಳಿವೆ. ಎಂಜಿನಿಯರಿಗೆ ಅಂಥ ರಾಷ್ಟ್ರೀಯ ಕಾನೂನು ಬಂದಿಲ್ಲ. ವಾಸ್ತುಶಿಲ್ಪಿಗಳ ಕಾಯ್ದೆಯೂ ಆ ಹೆಸರನ್ನಷ್ಟೇ ಕಾಯುತ್ತದೆ, ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿತು.

ಹಾಗಂತ ಏನೂ ಇಲ್ಲವೆಂದಲ್ಲ. 1920ರಲ್ಲಿ ಹುಟ್ಟಿ 1935ರಲ್ಲಿ ರಾಯಲ್ ಚಾರ್ಟರ್ ಪಡೆದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಚಾರ್ಟರ್ಡ್ ಎಂಜಿನಿಯರ್ ಎಂಬ ಮನ್ನಣೆ ಕೊಡುತ್ತದೆ. ಆದರೆ ಅದಿಲ್ಲದೆಯೂ ಮನೆಯ ಲೆಕ್ಕ ಬರೆಯಬಹುದು. ನಗರಸಭೆ, ಪುರಸಭೆಗಳು ತಮ್ಮ ಕಟ್ಟಡ ನಿಯಮದಡಿ ಎಂಜಿನಿಯರುಗಳನ್ನು ನೋಂದಾಯಿಸಿಕೊಳ್ಳುತ್ತವೆ. ಆದರೆ ಒಂದೂರಿನ ಪಟ್ಟಿ ಇನ್ನೊಂದೂರಿಗೆ ಗೊತ್ತಿರುವುದಿಲ್ಲ. ಒಂದು ಕಡೆ ಹೆಸರು ಹೋದವನು ಮುಂದಿನ ಊರಲ್ಲಿ ಬೋರ್ಡ್ ಹಾಕಿದರೆ ತಡೆಯುವವರಾರು? ಕಟ್ಟಡ ಬಿದ್ದರೆ ಪೊಲೀಸ್ ಕೇಸು ಆಗುತ್ತದೆ, ನಿಜ. ಆದರೆ ಅದು ಜನ ಸತ್ತ ಮೇಲೆ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ನಮ್ಮೂರಿಂದ ಅದೇನು ದೂರವಲ್ಲ. ಗೋಡೆ ಸೀಳಿದ್ದನ್ನು ನೋಡಿ ಪುಣ್ಯ ಎಂದುಕೊಂಡ ನನ್ನಂಥವನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಕಾನೂನಿನ ಮಾತು ಆಗಾಗ ಏಳುತ್ತದೆ. ಕರ್ನಾಟಕದಲ್ಲಿ 2024ರಲ್ಲಿ ವೃತ್ತಿನಿರತ ಸಿವಿಲ್ ಎಂಜಿನಿಯರುಗಳಿಗೆಂದೇ ಮಸೂದೆ ಬಂತು. 2025ರಲ್ಲಿ ಇಡೀ ದೇಶಕ್ಕೆ ಅನ್ವಯವಾಗುವ ವೃತ್ತಿಪರ ಎಂಜಿನಿಯರುಗಳ ಕರಡು ಮಸೂದೆಯನ್ನು ಸಾರ್ವಜನಿಕರ ಮುಂದಿಟ್ಟರು. ಒಳ್ಳೆಯದೇ. ಆದರೆ ಕೇಳಬೇಕಾದ ಪ್ರಶ್ನೆಗಳಿವೆ. ಪಟ್ಟಿ ಜನಸಾಮಾನ್ಯರಿಗೆ ಫೋನಿನಲ್ಲಿ ಕಾಣುತ್ತದೆಯೇ? ಇಳಕಲ್‌ನ ಸೀರೆ ನೇಯುವ ಹೆಣ್ಣುಮಗಳೊಬ್ಬಳು ತನ್ನ ಮನೆಯ ನಕ್ಷೆಗೆ ಸಹಿ ಮಾಡಿದವನ ಮೇಲೆ ಕನ್ನಡದಲ್ಲಿ ದೂರು ಕೊಡಬಹುದೇ? ವಿಚಾರಣೆ ಮಾಡುವವರು ಎಂಜಿನಿಯರುಗಳಷ್ಟೇ ಇರುತ್ತಾರೋ, ಹೊರಗಿನವರೂ ಇರುತ್ತಾರೋ? ಹೊಸ ಪದವೀಧರ ಹಿರಿಯನೊಬ್ಬನ ಕೈಕೆಳಗೆ ಎಷ್ಟು ವರ್ಷ ಪಳಗಿದ ಮೇಲೆ ಒಬ್ಬನೇ ಸಹಿ ಮಾಡಬಹುದು? ಮತ್ತೆ, ಕಾಗದವಿಲ್ಲದಿದ್ದರೂ ಕೈಯಲ್ಲಿ ಕಸುಬಿರುವ ಗೌಂಡಿಗಳಿಗೆ ಇದರಲ್ಲಿ ಮರ್ಯಾದೆಯ ಜಾಗ ಇದೆಯೇ?

ಕಲ್ಲಿನಲ್ಲಿ ಉಳಿದ ಹೆಸರು

ಇದೆಲ್ಲ ಪರದೇಶದ ಹೊಸ ವಿಚಾರ ಎನ್ನುವವರು ಬಾದಾಮಿಗೆ ಬರಲಿ. ಅಲ್ಲಿಂದ 22 ಕಿಲೋಮೀಟರ್ ದೂರದ ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಇದೆ. ಎಂಟನೇ ಶತಮಾನದ್ದು, ಚಾಲುಕ್ಯ ಎರಡನೇ ವಿಕ್ರಮಾದಿತ್ಯನ ಕಾಲದ್ದು. ಅದರ ಶಾಸನದಲ್ಲಿ ರಾಜ ರಾಣಿಯರ ಜೊತೆ ಗುಡಿ ಕಟ್ಟಿದ ಸೂತ್ರಧಾರಿ ಗುಂಡನ ಹೆಸರೂ ಇದೆ. ಅವನಿಗೆ ತ್ರಿಭುವನಾಚಾರ್ಯ ಎಂಬ ಬಿರುದನ್ನೂ ಪೆರ್ಜೆರೆಪು ಎಂಬ ಗೌರವ ಪಟ್ಟವನ್ನೂ ಕೊಟ್ಟ ದಾಖಲೆ ಇದೆ. ಅದನ್ನು ಇವತ್ತಿನ ಲೈಸೆನ್ಸ್ ಎನ್ನಲಾಗದು. ಆದರೆ ಇದನ್ನು ಕಟ್ಟಿದವನು ಇವನು, ಇವನನ್ನು ನಾವು ಬಲ್ಲೆವು ಎಂದು ಎಲ್ಲರಿಗೂ ಕಾಣುವಂತೆ ಕಲ್ಲಿನಲ್ಲಿ ಬರೆದರಲ್ಲ, ಅದು ಸಣ್ಣ ಮಾತಲ್ಲ.

ಹುನಗುಂದ ತಾಲ್ಲೂಕಿನ ಕೂಡಲಸಂಗಮಕ್ಕೂ ಹೋಗಿ. ನಾರಾಯಣಪುರದ ಹಿನ್ನೀರಿನ ನಡುವೆ, ಸುತ್ತ ಗೋಡೆ ಎಬ್ಬಿಸಿ ಬಾವಿಯ ಹಾಗೆ ಉಳಿಸಿಕೊಂಡ ಐಕ್ಯಮಂಟಪಕ್ಕೆ ಜನ ಮೆಟ್ಟಿಲಿಳಿದು ಹೋಗುತ್ತಾರೆ. ಗೋಡೆಯ ಆಚೆ ನದಿ, ಈಚೆ ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ಯಾರೂ ಎಂಜಿನಿಯರ್ ಯಾರೆಂದು ಕೇಳುವುದಿಲ್ಲ. ಕೇಳಬೇಕಾದ ಪ್ರಸಂಗ ಬಂದಿಲ್ಲ. ಆ ನಂಬಿಕೆಯೇ ಈ ವೃತ್ತಿಗೆ ಜನ ಕೊಟ್ಟಿರುವ ನಿಜವಾದ ಲೈಸೆನ್ಸ್.

ವಿಶ್ವೇಶ್ವರಯ್ಯನವರ ಸಹಿಗೆ ಬೆಲೆ ಬಂದದ್ದು ಅವರ ಪ್ರತಿಭೆಯಿಂದ, ಶಿಸ್ತಿನಿಂದ. ಜೊತೆಗೆ, ಅದನ್ನು ಇಪ್ಪತ್ತನಾಲ್ಕು ವರ್ಷ ಇನ್ನೊಬ್ಬರು ಪರೀಕ್ಷಿಸುತ್ತಿದ್ದರು ಎಂಬುದರಿಂದ. ಪ್ರತಿಭೆಯನ್ನು ಕಾನೂನು ಕೊಡಲಾರದು. ಪರೀಕ್ಷಿಸುವವರನ್ನು ಕೊಡಬಲ್ಲದು. ಮುಂದಿನ ಸೆಪ್ಟೆಂಬರ್ 15ಕ್ಕೆ ಹಾರದ ಜೊತೆ ಅದನ್ನೂ ಕೇಳೋಣ.

ಆ ಹಳ್ಳಿಯ ಮನೆಗೆ ಹೋದ ವರ್ಷ ಹೋಗಿದ್ದೆ. ಸೀಳಿಗೆ ಸಿಮೆಂಟ್ ತುಂಬಿ ಬಣ್ಣ ಹೊಡೆಸಿದ್ದಾರೆ. ಮನೆಯವ್ವ ಚಹಾ ಕೊಟ್ಟರು, ನನ್ನನ್ನು ಎಂಜಿನಿಯರ್ ಸಾಹೇಬ್ರು ಅಂತಲೇ ಕರೆದರು. ಬಣ್ಣದ ಕೆಳಗೆ ಗೆರೆ ಇನ್ನೂ ಕಾಣುತ್ತಿತ್ತು.